ನೆರೆ ಇಳಿಯಿತು, ವೀಸಾ ಕಚೇರಿ ತೆರೆಯಿತು: ಫ್ಯಾಮಿಲಿ ಕೇಸಿನವರು ಈಗ ಮೊದಲು ಏನು ಮಾಡಬೇಕು

2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ನೀರು ಬಿಟ್ಟಾಗ ನಂಜನಗೂಡಿನಲ್ಲಿ ಕಪಿಲೆ ಉಕ್ಕಿ ಹರಿದಿದ್ದು, ಮೈಸೂರು ರಸ್ತೆ ಮುಚ್ಚಿದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಹೊಳೆ ಹತ್ತಿರದ ಬೀದಿಯಲ್ಲಿದ್ದ ನಮ್ಮ ಚಿಕ್ಕಮ್ಮನ ಮನೆಗೂ ಮೊಳಕಾಲುದ್ದ ನೀರು ಬಂತು. ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ನಾಲ್ಕು ರೇಷ್ಮೆ ಸೀರೆ, ಸೀರೆಯಡಿ ಒಂದು ಪ್ಲಾಸ್ಟಿಕ್ ಕವರು. ಆ ಕವರಿನಲ್ಲೇ ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಮದುವೆ ಸರ್ಟಿಫಿಕೇಟು ಎಲ್ಲ. ಅದೇ ತಿಂಗಳು ಮುಂಬೈನಲ್ಲಿ ಅವರ ಇಮಿಗ್ರೆಂಟ್ ವೀಸಾ, ಅಂದರೆ ಅಮೆರಿಕಕ್ಕೆ ಹೋಗಿ ಖಾಯಂ ಆಗಿ ನೆಲೆಸುವ ವೀಸಾದ ಇಂಟರ್‌ವ್ಯೂ. ಮಗಳು ಅಮೆರಿಕದ ಸಿಟಿಜನ್ ಆಗಿ ಅಮ್ಮನಿಗೆ ಪಿಟಿಷನ್ ಹಾಕಿದ್ದಳು. ಆ ವಾರವೇ ಕೊಲ್ಹಾಪುರದ ಹತ್ತಿರ ಬೆಂಗಳೂರು-ಪುಣೆ ಹೆದ್ದಾರಿ ನೀರಿನಡಿ ಹೋಗಿ ದಿನಗಟ್ಟಲೆ ಬಂದ್ ಆಗಿತ್ತು. ಚಿಕ್ಕಮ್ಮ ಇಂಟರ್‌ವ್ಯೂಗೆ ಹೋಗಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತು. ಆದರೆ ಎರಡು ತಿಂಗಳಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಬಹಳ ಕಾಲ ಹಿಡಿಯಿತು. ಕಾರಣ ನೀರಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದು ನಮಗೆ ಗೊತ್ತಿರಲಿಲ್ಲ. ಅವತ್ತಿನಿಂದ ನೆಂಟರು, ಅಕ್ಕಪಕ್ಕದವರು ಇಂಥದ್ದೇ ಪರಿಸ್ಥಿತಿಯಲ್ಲಿ ಕೇಳಿದಾಗೆಲ್ಲ ಹೇಳಿ ಹೇಳಿ ನನಗೆ ಒಂದು ಕ್ರಮ ಕೂತುಬಿಟ್ಟಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಅಮೆರಿಕದ ಫ್ಯಾಮಿಲಿ ವೀಸಾಗೆ ಮಾತ್ರ.

ಕಚೇರಿ ತೆರೆಯಿತು ಅಂದರೆ ನಿಮ್ಮ ಸರದಿ ಬಂತು ಅಂತಲ್ಲ

ಪ್ರವಾಹವೋ ಚಂಡಮಾರುತವೋ ಭೂಕಂಪವೋ ಆಗಿ ಅಮೆರಿಕದ ಒಂದು ಕಾನ್ಸುಲೇಟ್, ಅಂದರೆ ವೀಸಾ ಕೊಡುವ ಕಚೇರಿ, ಮುಚ್ಚಿ ಮತ್ತೆ ತೆರೆದಾಗ ಎಲ್ಲ ಕೆಲಸ ಒಂದೇ ದಿನ ಶುರುವಾಗುವುದಿಲ್ಲ. ಮೊದಲು ಅವರ ದೇಶದವರ ತುರ್ತು ಕೆಲಸ ನೋಡುತ್ತಾರೆ. ಆಮೇಲೆ ವೀಸಾ, ಅದೂ ಹಂತ ಹಂತವಾಗಿ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಜಗತ್ತಿನ ಎಲ್ಲ ಕಡೆ ಅವರ ಮಾಮೂಲಿ ವೀಸಾ ಕೆಲಸ ನಿಂತಿತ್ತಲ್ಲ, ಅದು ಜುಲೈನಿಂದ ನಿಧಾನಕ್ಕೆ ಶುರುವಾಯಿತು. ಬಾಕಿ ಬೆಟ್ಟದಷ್ಟು ಬೆಳೆದಿದ್ದರಿಂದ 2021ರ ಏಪ್ರಿಲ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಒಂದು ಸಾಲು ಹೇಳಿತು. ಮೊದಲು ದತ್ತು ಮಕ್ಕಳು, 21 ತುಂಬಿ 'ಮಗು' ಅನ್ನುವ ಲೆಕ್ಕದಿಂದ ಹೊರಗೆ ಬೀಳುವ ಮಕ್ಕಳ ಕೇಸು. ಆಮೇಲೆ ಸಿಟಿಜನ್‌ಗಳ ಗಂಡ, ಹೆಂಡತಿ, ಚಿಕ್ಕ ಮಕ್ಕಳು, ಅಪ್ಪ-ಅಮ್ಮ. ಅದಾದ ಮೇಲೆ ಅಣ್ಣ-ತಮ್ಮ, ಅಕ್ಕ-ತಂಗಿ, ದೊಡ್ಡ ಮಕ್ಕಳ ಕೇಸು. ಪ್ರತಿ ಸಲವೂ ಇದೇ ಸಾಲು ಇರುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ಒಂದು ಕಚೇರಿ ಕೆಲಸ ಮತ್ತೆ ಶುರು ಮಾಡುವಾಗ ಹೇಗೆ ಯೋಚಿಸುತ್ತದೆ ಅನ್ನೋದು ಇದರಿಂದ ಗೊತ್ತಾಗುತ್ತದೆ.

ಹಾಗಾಗಿ ತೆರೆದ ಸುದ್ದಿ ಬಂದ ದಿನವೇ ಮುಂಬೈಗೆ ಟಿಕೆಟ್ ಮಾಡಬೇಡಿ. ಆ ದಿನ ಮನೆಯಲ್ಲೇ ಕೂತು ಮಾಡುವ ಕೆಲಸ ಜಾಸ್ತಿ ಇದೆ.

ನಿಮ್ಮ ಫೈಲು ಎಲ್ಲಿದೆ?

ಇದು ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿಲ್ಲದೆ ಯಾರಿಗೆ ಬರೆದರೂ ಸುಮ್ನೆ. ಫೈಲು ಮೂರು ಕಡೆಯಲ್ಲಿ ಒಂದು ಕಡೆ ಇರುತ್ತದೆ. ಐ-130, ಅಂದರೆ ಅಮೆರಿಕದಲ್ಲಿರುವವರು ನಿಮಗಾಗಿ ಹಾಕಿದ ಪಿಟಿಷನ್, ಇನ್ನೂ ಮಂಜೂರಾಗಿಲ್ಲ ಅಂದರೆ ಅದು ಅಮೆರಿಕದೊಳಗಿನ ಇಮಿಗ್ರೇಷನ್ ಇಲಾಖೆಯಲ್ಲಿ ಇದೆ. ಮಂಜೂರಾಗಿ, ಫೀಸು ಕಟ್ಟಿ, ಡಿಎಸ್-260 ಅನ್ನುವ ವೀಸಾ ಅರ್ಜಿ ತುಂಬಿ ಕಾಗದ ಅಪ್‌ಲೋಡ್ ಮಾಡುವ ಹಂತದಲ್ಲಿದ್ದರೆ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ನ್ಯಾಷನಲ್ ವೀಸಾ ಸೆಂಟರ್ ಹತ್ತಿರ ಇದೆ. ಇಂಟರ್‌ವ್ಯೂ ದಿನಾಂಕ ಬಂದಿದ್ದರೆ ಮುಂಬೈನಲ್ಲಿ. ನಮ್ಮ ಮೈಸೂರು, ಮಂಡ್ಯದವರು ಟೂರಿಸ್ಟ್ ವೀಸಾಗೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಬಂದಿರುತ್ತಾರೆ, ಅದಕ್ಕೆ ಇದೂ ಅಲ್ಲೇ ಅಂದುಕೊಳ್ಳುತ್ತಾರೆ. ಅಲ್ಲ. ಫ್ಯಾಮಿಲಿ ಇಮಿಗ್ರೆಂಟ್ ವೀಸಾ ಇಂಟರ್‌ವ್ಯೂ ನಡೆಯುವುದು ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಕಾನ್ಸುಲೇಟ್‌ನಲ್ಲಿ. ನಿಮ್ಮ ಕೇಸ್ ನಂಬರ್ 'ಬಿಎಂಬಿ' ಅಂತ ಶುರುವಾಗಿದ್ದರೆ ಅದು ಮುಂಬೈ ಅಂತಲೇ ಅರ್ಥ.

ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಚೆನ್ನೈನಲ್ಲಿ ಪ್ರವಾಹ ಬಂದರೆ ನಿಮ್ಮ ಇಂಟರ್‌ವ್ಯೂಗೆ ನೇರ ತೊಂದರೆ ಇಲ್ಲ. ಮುಂಬೈನಲ್ಲಿ 2005ರ ಜುಲೈ 26ರಂದು ಬಿದ್ದಂಥ ಮಳೆ ಬಂದರೆ ಇದೆ. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಿತ್ತು. ಮೀಠಿ ನದಿ ಹರಿಯುವುದು ಇದೇ ಬಾಂದ್ರಾ-ಕುರ್ಲಾದ ಪಕ್ಕದಲ್ಲೇ.

ಅವರು ರದ್ದು ಮಾಡಿದರೋ, ನೀವು ಹೋಗಲಿಲ್ಲವೋ

ನಾವು ಎಡವಿದ್ದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾನ್ಸುಲೇಟ್ ಮುಚ್ಚಿ ಅವರೇ ಇಂಟರ್‌ವ್ಯೂ ರದ್ದು ಮಾಡಿದ್ದರೆ ಹೊಸ ದಿನಾಂಕ ಕೊಡುವ ಜವಾಬ್ದಾರಿ ಅವರದು. ನೀವು ಇಮೇಲ್ ನೋಡುತ್ತಿರಬೇಕು ಅಷ್ಟೇ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಕೇಸಿಗೆ ಕೊಟ್ಟ ಇಮೇಲ್ ಎಷ್ಟೋ ಸಲ ಅಮೆರಿಕದಲ್ಲಿರುವ ಮಗನದ್ದೋ ಅಳಿಯನದ್ದೋ ಆಗಿರುತ್ತದೆ, ಅವರಿಗೆ ಫೋನ್ ಮಾಡಿ ನೋಡಲು ಹೇಳಿ.

ಆದರೆ ಕಾನ್ಸುಲೇಟ್ ತೆರೆದೇ ಇತ್ತು, ನಿಮ್ಮ ಊರಲ್ಲಿ ನೆರೆ ಬಂದು ನೀವು ಹೋಗಲಾಗಲಿಲ್ಲ ಅಂದರೆ ಅವರ ಪುಸ್ತಕದಲ್ಲಿ ನೀವು ಗೈರುಹಾಜರು, ಅಷ್ಟೇ. ನಂಜನಗೂಡಿನಲ್ಲಿ ನೀರು ಬಂದಿದ್ದು ಮುಂಬೈನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ನಾವೇ ಹೇಳಬೇಕು. ಚಿಕ್ಕಮ್ಮ "ಟಿವಿಲೆಲ್ಲ ತೋರಿಸ್ತಿದ್ದಾರಲ್ಲ, ಅವರಿಗೂ ಗೊತ್ತಿರುತ್ತೆ ಬಿಡು" ಅಂದರು. ನಾವೂ ಹೌದಿರಬಹುದು ಅಂತ ವಾರಗಟ್ಟಲೆ ಸುಮ್ಮನಿದ್ದೆವು. ಅದೇ ತಪ್ಪು.

ಕಾನ್ಸುಲೇಟಿನ ವೆಬ್‌ಸೈಟಿನಲ್ಲಿ ಇಮಿಗ್ರೆಂಟ್ ವೀಸಾ ವಿಭಾಗಕ್ಕೆ ಬರೆಯುವ ದಾರಿ ಕೊಟ್ಟಿರುತ್ತಾರೆ. ಅದರಲ್ಲಿ ಕೇಸ್ ನಂಬರ್, ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಹೆಸರು, ಹುಟ್ಟಿದ ದಿನ, ತಪ್ಪಿದ ಇಂಟರ್‌ವ್ಯೂ ದಿನಾಂಕ ಬರೆದು, ಏನಾಯಿತು ಅಂತ ಮೂರು ನಾಲ್ಕು ಸಾಲಿನಲ್ಲಿ ಹೇಳಿ, ಹೊಸ ದಿನಾಂಕ ಕೇಳಿ. ಕಷ್ಟಸುಖವೆಲ್ಲ ಎರಡು ಪುಟ ಬರೆಯಬೇಡಿ. ಒಂದು ಸಾಕ್ಷಿ ಜೊತೆಗಿಡಿ. ನಮ್ಮ ಕಡೆ ಇದಕ್ಕೆ ಅತ್ಯಂತ ಒಳ್ಳೆ ಸಾಕ್ಷಿ ಅಂದರೆ ಮನೆಗೆ ನೀರು ನುಗ್ಗಿದ್ದಕ್ಕೆ ಕಂದಾಯ ಇಲಾಖೆಯವರು ಬಂದು ಮಾಡುವ ಮಹಜರು. ಪರಿಹಾರಕ್ಕೆ ಅಂತ ಮಾಡಿರುತ್ತಾರೆ, ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಗಂಜಿ ಕೇಂದ್ರದಲ್ಲಿ ಇದ್ದಿದ್ದರೆ ಅಲ್ಲಿಯ ದಾಖಲೆ, ರೈಲೋ ವಿಮಾನವೋ ರದ್ದಾದ ಮೆಸೇಜು, ನೀರು ನಿಂತ ಮನೆಯ ಫೋಟೋ, ಇವೂ ಆಗುತ್ತವೆ.

ಒಂದು ಕಾನೂನು ಇಲ್ಲಿ ನೆನಪಿರಲಿ. ವೀಸಾ ಸಿಗುತ್ತದೆ ಅಂತ ನೋಟಿಸ್ ಬಂದು ಒಂದು ವರ್ಷ ನೀವು ಏನೂ ಮಾಡದೆ ಕೂತರೆ ಕೇಸನ್ನೇ ಮುಚ್ಚಬಹುದು. ನಮ್ಮ ಕೈಮೀರಿದ ಕಾರಣದಿಂದ ಹಾಗಾಯಿತು ಅಂತ ತೋರಿಸಿದರೆ, ನೋಟಿಸ್ ಬಂದ ಎರಡು ವರ್ಷದೊಳಗೆ ಮತ್ತೆ ತೆರೆಸಲು ಅವಕಾಶವಿದೆ. ಅದಕ್ಕೇ ಆ ಮಹಜರಿನ ಪ್ರತಿ ಪರಿಹಾರದ ದುಡ್ಡು ಬಂದ ಮೇಲೂ ಬಿಸಾಡಬೇಡಿ.

ಒದ್ದೆಯಾದ ಕಾಗದ

ಟ್ರಂಕು ತೆಗೆದ ದಿನ ನಾವು ಮಾಡಿದ್ದು ಹೀಗೆ. ಮೊದಲು ಎಲ್ಲ ಕಾಗದವನ್ನು ಒದ್ದೆ ಇರುವಾಗಲೇ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡೆವು, ಯಾಕೆಂದರೆ ಆ ಹೊತ್ತಿಗೆ ಓದಲು ಬರುವ ಅಕ್ಷರ ಸಂಜೆಗೆ ಹರಡಿಹೋಗಬಹುದು. ಆಮೇಲೆ ನೆರಳಿನಲ್ಲಿ ಪೇಪರ್ ಹಾಸಿ, ಫ್ಯಾನಿನ ಕೆಳಗೆ ಒಂದೊಂದನ್ನೇ ಹರಡಿದೆವು. ಅಂಟಿಕೊಂಡ ಹಾಳೆಯನ್ನು ಎಳೆಯಲಿಲ್ಲ. ಬಿಸಿಲಿಗೆ ಹಾಕಿದ್ದರೆ ಸುರುಟಿಕೊಳ್ಳುತ್ತಿತ್ತು. ಮಾರ್ಕ್ಸ್ ಕಾರ್ಡಿಗೆ ಯಾವತ್ತೋ ಲ್ಯಾಮಿನೇಷನ್ ಮಾಡಿಸಿದ್ದರು. ಅದರ ಒಂದು ಮೂಲೆ ಬಿಟ್ಟು ನೀರು ಒಳಗೆ ಹೋಗಿ, ಹೆಸರಿನ ಸಾಲಿನ ಮೇಲೆ ಹಳದಿ ಕಲೆ ಹಬ್ಬಿತ್ತು. ಲ್ಯಾಮಿನೇಷನ್ ಕಾಗದವನ್ನು ಕಾಪಾಡುತ್ತದೆ ಅಂದುಕೊಂಡಿದ್ದೆವು, ನಿಜದಲ್ಲಿ ನೀರನ್ನು ಒಳಗೇ ಹಿಡಿದಿಟ್ಟಿತು. ರೇಷ್ಮೆ ಸೀರೆಯ ಬಣ್ಣ ಬಿಟ್ಟು ಪಾಸ್‌ಪೋರ್ಟಿನ ಅಂಚು ಪೂರ್ತಿ ಕುಂಕುಮದ ಬಣ್ಣ ಆಗಿತ್ತು.

ಒಣಗಿದ ಮೇಲೆ ಮೂರು ಗುಡ್ಡೆ ಮಾಡಿ. ಚೆನ್ನಾಗಿರುವುದು, ಓದಲು ಬಂದರೂ ಕೆಟ್ಟಿರುವುದು, ಹೋಗೇಬಿಟ್ಟಿರುವುದು. ಮಧ್ಯದ ಗುಡ್ಡೆಯ ವಿಷಯದಲ್ಲಿ ಆಸೆ ಬೇಡ. ಇಂಟರ್‌ವ್ಯೂಗೆ ಮೂಲ ಪ್ರತಿ ತೋರಿಸಬೇಕು, ಅನುಮಾನ ಬರುವಂಥ ಕಾಗದಕ್ಕಿಂತ ಹೊಸದಾಗಿ ತೆಗೆಸಿದ ಪ್ರತಿ ಎಷ್ಟೋ ವಾಸಿ.

ಹೊಸದು ತೆಗೆಸುವಾಗ ಪಾಸ್‌ಪೋರ್ಟ್ ಮೊದಲು. ಇದನ್ನು ತಿರುಗು ಮುರುಗು ಮಾಡಬೇಡಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿನಲ್ಲಿ, ಅಂದರೆ ಪಿಸಿಸಿಯಲ್ಲಿ, ಪಾಸ್‌ಪೋರ್ಟ್ ನಂಬರ್ ಇರುತ್ತದೆ, ಹಳೇ ನಂಬರಿಗೆ ಪಿಸಿಸಿ ತೆಗೆಸಿ ಆಮೇಲೆ ಪಾಸ್‌ಪೋರ್ಟ್ ಬದಲಾದರೆ ಎರಡು ಸಲದ ಓಡಾಟ. ಕಳೆದುಹೋಗಿದ್ದರೆ ಮೊದಲು ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ಕಳೆದಿರಲಿ, ಹಾಳಾಗಿರಲಿ, ಹೇಗೆ ಆಯಿತು ಅಂತ ಅನೆಕ್ಸರ್ ಎಫ್ ಅನ್ನುವ ಪ್ರಮಾಣಪತ್ರ ಬರೆದುಕೊಡಬೇಕು. ಹಾಳಾದ ಪುಸ್ತಕವನ್ನು ಎಸೆಯದೆ ಜೊತೆಗೆ ಒಯ್ಯಿರಿ. 36 ಪುಟದ ಪಾಸ್‌ಪೋರ್ಟಿಗೆ ಬದಲಿ ಪಡೆಯಲು 3,000 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಆದರೆ 2015ರ ಚೆನ್ನೈ ಪ್ರವಾಹದಲ್ಲೂ 2018ರ ಕೇರಳದ ಪ್ರವಾಹದಲ್ಲೂ ಪಾಸ್‌ಪೋರ್ಟ್ ಕಳೆದುಕೊಂಡವರಿಗೆ, ಹಾಳಾದವರಿಗೆ ವಿದೇಶಾಂಗ ಸಚಿವಾಲಯ ಉಚಿತವಾಗಿ ಬದಲಿ ಕೊಟ್ಟಿತ್ತು. ನಿಮ್ಮ ಊರಿನ ನೆರೆಗೂ ಅಂಥ ರಿಯಾಯಿತಿ ಇದೆಯಾ ಅಂತ ಹಣ ಕಟ್ಟುವ ಮೊದಲೇ ವಿಚಾರಿಸಿ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಶುರುವಾಗಿದ್ದು ನಮ್ಮ ಮೈಸೂರಿನಲ್ಲೇ, ಆದ್ದರಿಂದ ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕು ಅಂದುಕೊಳ್ಳಬೇಡಿ, ಬುಕ್ ಮಾಡುವಾಗ ಹತ್ತಿರದ ಕೇಂದ್ರದಲ್ಲಿ ಸ್ಲಾಟ್ ಇದೆಯಾ ನೋಡಿ.

ಪಾಸ್‌ಪೋರ್ಟ್ ಬಂದ ಮೇಲೆ ಪಿಸಿಸಿ, ಅದಕ್ಕೆ 500 ರೂಪಾಯಿ, 16 ವರ್ಷ ತುಂಬಿದ ಪ್ರತಿಯೊಬ್ಬ ಅರ್ಜಿದಾರರಿಗೂ ಬೇಕು. ಈ ಓಡಾಟದ ನಡುವೆಯೇ ಜನನ ಪ್ರಮಾಣಪತ್ರ ನೋಡಿಕೊಳ್ಳಿ. ಮೈಸೂರು ನಗರದಲ್ಲಿ ಹುಟ್ಟಿದವರಿಗೆ ಪಾಲಿಕೆ, ಹಳ್ಳಿಯವರಿಗೆ ಆಯಾ ನೋಂದಣಿ ಕಚೇರಿ. ರಾಜ್ಯದ ಇ-ಜನ್ಮ ವ್ಯವಸ್ಥೆಯಲ್ಲಿ ದಾಖಲಾಗಿದ್ದರೆ ಪ್ರತಿ ಸುಲಭವಾಗಿ ಸಿಗುತ್ತದೆ. ನಮ್ಮ ಅಪ್ಪ-ಅಮ್ಮಂದಿರ ಕಾಲದ ಎಷ್ಟೋ ಜನರ ಹುಟ್ಟು ದಾಖಲೇ ಆಗಿರುವುದಿಲ್ಲ. ಅಂಥವರು ದಾಖಲೆ ಇಲ್ಲ ಅನ್ನುವ ಪ್ರಮಾಣಪತ್ರ ತೆಗೆಸಿ, ಜೊತೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಅಥವಾ ಶಾಲೆಯ ಟಿ.ಸಿ. ಇಡಬೇಕಾಗುತ್ತದೆ. ಮಾರ್ಕ್ಸ್ ಕಾರ್ಡಿನ ನಕಲು ಬೇಕಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಂದಲೇ ಶುರು ಮಾಡಿ.

ಇನ್ನೊಂದು ಮಾತು, ಕನ್ನಡದಲ್ಲಿ ಮಾತ್ರ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಅಂತ ಅನುವಾದ ಮಾಡಿದವರು ಬರೆದು ಸಹಿ ಹಾಕಬೇಕು. ನಮ್ಮ ಹಳೇ ಕಾಗದಗಳಲ್ಲಿ 'ಬಿನ್', 'ಕೋಂ' ಅಂತ ಇರುತ್ತದಲ್ಲ, ಮಗ ಮತ್ತು ಹೆಂಡತಿ ಅನ್ನುವುದಕ್ಕೆ? ಚಿಕ್ಕಮ್ಮನ ಕಾಗದ ಅನುವಾದ ಮಾಡಿದವರು 'ಕೋಂ' ಅನ್ನುವುದನ್ನು ಅವರ ಹೆಸರಿನ ಭಾಗ ಅಂತಲೇ ಟೈಪ್ ಮಾಡಿಬಿಟ್ಟಿದ್ದರು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಅನುವಾದದಲ್ಲಿ ಇನ್ನೊಂದು. ಟೈಪ್ ಆಗಿ ಬಂದ ತಕ್ಷಣ ಮನೆಯಲ್ಲಿ ಒಬ್ಬರು ಕೂತು ಅಕ್ಷರ ಅಕ್ಷರ ಹೋಲಿಸಿ ನೋಡಿ. ಇನಿಷಿಯಲ್‌ಗಳನ್ನೂ ನೋಡಿ, ಒಂದು ಕಡೆ ಊರಿನ ಹೆಸರು ಬಿಡಿಸಿ ಬರೆದು ಇನ್ನೊಂದು ಕಡೆ ಬರೀ ಅಕ್ಷರ ಇದ್ದರೆ ವಿವರಣೆ ಕೊಡಬೇಕಾಗುತ್ತದೆ.

ಡಿಎಸ್-260ರಲ್ಲಿ ಹಳೇ ಪಾಸ್‌ಪೋರ್ಟ್ ನಂಬರ್ ಇರುತ್ತದೆ. ಒಮ್ಮೆ ಸಲ್ಲಿಸಿದ ಫಾರಂ ಅನ್ನು ನಾವೇ ತಿದ್ದಲು ಆಗುವುದಿಲ್ಲ. ಗಾಬರಿ ಬೇಡ, ಫೈಲು ಇರುವ ಕಚೇರಿಗೆ ಹೊಸ ನಂಬರ್ ಬರೆದು ತಿಳಿಸಿ, ಇಂಟರ್‌ವ್ಯೂನಲ್ಲೂ ಹೇಳಿ.

ನೀರಿನಲ್ಲಿ ಹಾಳಾಗದ, ಆದರೆ ಅವಧಿ ಮೀರಿದ ಕಾಗದ

ಕಚೇರಿ ಮುಚ್ಚಿದ್ದರೂ ಕ್ಯಾಲೆಂಡರ್ ನಿಲ್ಲುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಪ್ರತಿ ಕಾಗದದ ಮುಂದೆ ಅದರ ಕೊನೇ ದಿನ ಬರೆಯಿರಿ.

ಮೆಡಿಕಲ್ ಎಲ್ಲಕ್ಕಿಂತ ಮುಖ್ಯ. ಕಾನ್ಸುಲೇಟ್ ಒಪ್ಪಿದ ಡಾಕ್ಟರ ಹತ್ತಿರ ಮಾಡಿಸಿದ ಪರೀಕ್ಷೆಗೆ ಸಾಮಾನ್ಯವಾಗಿ ಆರು ತಿಂಗಳು ಆಯಸ್ಸು, ಕೆಲವು ಕಾಯಿಲೆ ಇದ್ದರೆ ಇನ್ನೂ ಕಡಿಮೆ. ವೀಸಾದ ಅವಧಿಯೂ ಅದನ್ನೇ ಹಿಡಿದು ನಿಲ್ಲುತ್ತದೆ. ಚಿಕ್ಕಮ್ಮ ಜುಲೈನಲ್ಲೇ ಮೆಡಿಕಲ್ ಮುಗಿಸಿದ್ದರು, ಹೊಸ ಇಂಟರ್‌ವ್ಯೂ ಬರುವ ಹೊತ್ತಿಗೆ ಅವಧಿ ಮುಗಿದು ಮತ್ತೆ ಪೂರ್ತಿ ಫೀಸು ಕೊಟ್ಟು ಮಾಡಿಸಬೇಕಾಯಿತು. ಆದ್ದರಿಂದ ಕಚೇರಿ ತೆರೆದ ಸಂಭ್ರಮದಲ್ಲಿ ಮೆಡಿಕಲ್‌ಗೆ ಓಡಬೇಡಿ. ಹೊಸ ದಿನಾಂಕ ಕೈಗೆ ಬಂದ ಮೇಲೆ ಮಾಡಿಸಿ.

ಪಿಸಿಸಿ ಎರಡು ವರ್ಷದ ಒಳಗಿನದ್ದಿರಬೇಕು. ಬರುವವರ ಖರ್ಚಿನ ಹೊಣೆ ನಮ್ಮದು ಅಂತ ಅಮೆರಿಕದಲ್ಲಿರುವವರು ತುಂಬುವ ಐ-864 ಫಾರಂಗೆ ಮಧ್ಯದಲ್ಲಿ ಹೊಸ ತೆರಿಗೆ ವರ್ಷ ಬಂದಿದ್ದರೆ ಹೊಸ ತೆರಿಗೆ ದಾಖಲೆ ಸೇರಿಸಿ. ಕೆಲವು ಸಲ ನೆರೆ ಬರುವುದು ಇಲ್ಲಲ್ಲ, ಅಲ್ಲಿ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ಮುಳುಗಿಸಿತ್ತಲ್ಲ, ಹಾಗೆ. ಮಗನ ಮನೆ ಹೋಗಿ ಕೆಲಸವೂ ನಿಂತಿದ್ದರೆ ಆದಾಯ ಸಾಲದೆ ಹೋಗಬಹುದು, ಅಲ್ಲಿಯ ಬಡತನ ರೇಖೆಯ 125 ಶೇಕಡಾದಷ್ಟು ತೋರಿಸಬೇಕು. ಆಗ ಅಲ್ಲಿಯೇ ಇರುವ ಇನ್ನೊಬ್ಬರು ಜಂಟಿ ಸ್ಪಾನ್ಸರ್ ಆಗಬಹುದು. ಅವನ ತೆರಿಗೆ ಕಾಗದ ನೀರಿಗೆ ಹೋಗಿದ್ದರೂ ಅಲ್ಲಿಯ ತೆರಿಗೆ ಇಲಾಖೆ ಟ್ರಾನ್ಸ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ.

ಮನೆಯಲ್ಲಿ 21ರ ಹತ್ತಿರ ಬಂದ ಮಗನೋ ಮಗಳೋ ಇದ್ದರೆ ಬೇರೆಲ್ಲ ಬಿಟ್ಟು ಅದನ್ನು ಮೊದಲು ನೋಡಿ. ಸಿಟಿಜನ್ ಅಪ್ಪ-ಅಮ್ಮ ತಮ್ಮ ಮಗುವಿಗೇ ಪಿಟಿಷನ್ ಹಾಕಿದ್ದರೆ ಹಾಕಿದ ದಿನದ ವಯಸ್ಸೇ ಲೆಕ್ಕ. ವರ್ಷಕ್ಕೆ ಇಷ್ಟೇ ವೀಸಾ ಅಂತ ಮಿತಿ ಇದ್ದು ಸರದಿಗೆ ಕಾಯಬೇಕಾದ ಬೇರೆ ವರ್ಗಗಳಲ್ಲಿ, ಉದಾಹರಣೆಗೆ ನಿಮ್ಮ ಅಣ್ಣ ನಿಮಗೆ ಹಾಕಿ ನಿಮ್ಮ ಜೊತೆ ಮಕ್ಕಳೂ ಸೇರಿದ್ದರೆ, ವೀಸಾ ಸರದಿ ಬಂದ ದಿನದ ವಯಸ್ಸಿನಿಂದ ಪಿಟಿಷನ್ ಮಂಜೂರಾಗಲು ತೆಗೆದುಕೊಂಡ ಕಾಲವನ್ನು ಕಳೆಯುತ್ತಾರೆ. ಆಗ 21ಕ್ಕಿಂತ ಕಡಿಮೆ ಬಂದರೆ ಸರಿ, ಆದರೆ ಸರದಿ ಬಂದ ಒಂದು ವರ್ಷದೊಳಗೆ ಆ ಮಗುವಿನ ಅರ್ಜಿಯ ಹೆಜ್ಜೆ ಇಟ್ಟಿರಬೇಕು. ಭಾರತದವರಿಗೆ ಅಣ್ಣ-ತಂಗಿ ವರ್ಗದಲ್ಲಿ ಕಾಯುವುದೇ ಎರಡು ದಶಕದ ಹತ್ತಿರ ಆಗುತ್ತದೆ. ಅಷ್ಟು ವರ್ಷ ಕಾದು ಕೊನೇ ತಿಂಗಳಲ್ಲಿ ಕಚೇರಿ ಮುಚ್ಚಿ ಮಗು ಹೊರಗುಳಿದರೆ ಆ ಸಂಕಟ ಹೇಳತೀರದು. ಹುಟ್ಟಿದ ದಿನಾಂಕ ಮೇಲೆಯೇ ಕಾಣುವ ಹಾಗೆ ಹಾಕಿ ಕಾನ್ಸುಲೇಟಿಗೆ ಬರೆಯಿರಿ.

ಬೇಗ ಮಾಡಿಕೊಡಿ ಅಂತ ಕೇಳಬಹುದಾ?

ಕೇಳಬಹುದು. ಜೀವಕ್ಕೆ ಅಪಾಯ ಇರುವ ಕಾಯಿಲೆ ಇದ್ದರೆ ಡಾಕ್ಟರ ಪತ್ರದ ಜೊತೆ ಕೇಳಿ, ಪತ್ರದಲ್ಲಿ ಕಾಯಿಲೆ ಏನು ಅಂತಲೂ ಡಾಕ್ಟರನ್ನು ಸಂಪರ್ಕಿಸುವ ವಿವರವೂ ಇರಲಿ. ವೀಸಾ ಸೆಂಟರ್‌ಗೆ ಬರೆದರೂ ಅವರು ಕಾನ್ಸುಲೇಟನ್ನೇ ಕೇಳಿ ತೀರ್ಮಾನ ಮಾಡುತ್ತಾರೆ. ಪಿಟಿಷನ್ ಇನ್ನೂ ಇಮಿಗ್ರೇಷನ್ ಇಲಾಖೆಯಲ್ಲೇ ಇದ್ದರೆ ವಿಕೋಪದಲ್ಲಿ ಸಿಕ್ಕವರಿಗೆ ಅಲ್ಲೂ ಕೇಳಲು ದಾರಿ ಇದೆ. ಆದರೆ ನಿಮ್ಮ ವರ್ಗದ ಸರದಿಯೇ ಬಂದಿಲ್ಲ ಅಂದರೆ ಎಂಥ ಕಷ್ಟ ಹೇಳಿದರೂ ಸರದಿ ಹಾರಿಸಲು ಆಗುವುದಿಲ್ಲ, ಅದು ಕಾನೂನಿನ ಮಿತಿ. ಇದು ಗೊತ್ತಿಲ್ಲದವರಿಂದಲೇ "ಡೇಟ್ ಮುಂದಕ್ಕೆ ತರಿಸಿಕೊಡ್ತೀವಿ" ಅನ್ನುವವರು ಹಣ ಕೀಳುವುದು. ನೆರೆ ಬಂದ ಊರುಗಳಿಗೆ ಇಂಥ ಫೋನು ಜಾಸ್ತಿ ಬರುತ್ತವೆ. ಅಮೆರಿಕ ಸರ್ಕಾರದ ಅಸಲಿ ಇಮೇಲ್ ವಿಳಾಸ ಕೊನೆಗೆ 'ಡಾಟ್ ಗವ್' ಅಂತ ಮುಗಿಯುತ್ತದೆ. ಯಾರ ಖಾತೆಗೂ ಹಣ ಹಾಕಬೇಡಿ, ದಯವಿಟ್ಟು.

ವೀಸಾ ಆಗಲೇ ಕೈಯಲ್ಲಿದ್ದರೆ

ಕೆಲವರಿಗೆ ವೀಸಾ ಅಂಟಿಸಿದ ಪಾಸ್‌ಪೋರ್ಟೇ ಹಾಳಾಗಿರುತ್ತದೆ, ಅಥವಾ ವಿಮಾನ ಇಲ್ಲದೆ ಅವಧಿ ಮುಗಿದಿರುತ್ತದೆ. ಇಮಿಗ್ರೆಂಟ್ ವೀಸಾದ ಅವಧಿ ವಿಸ್ತರಿಸುವ ಪದ್ಧತಿ ಇಲ್ಲ, ಹೊಸದಾಗಿ ಕೊಡಬೇಕು, ಮತ್ತೆ ಫೀಸು, ಬಹುಶಃ ಮತ್ತೆ ಮೆಡಿಕಲ್. ಸರದಿಯ ವರ್ಗದವರು ಇನ್ನೊಂದನ್ನು ಗಮನಿಸಬೇಕು. ಅಮೆರಿಕದ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ವೀಸಾ ಸಂಖ್ಯೆಯ ಲೆಕ್ಕವೂ ಅವತ್ತಿಗೇ ಮುಗಿಯುತ್ತದೆ. ನಮ್ಮ ನೆರೆ ಬರುವುದು ಜುಲೈ-ಆಗಸ್ಟ್‌ನಲ್ಲಿ. ಸಿಗುವುದು ಕೆಲವೇ ವಾರ, ಅಲ್ವಾ? ಆದ್ದರಿಂದ ಮನೆ ತೊಳೆದ ಮೇಲೆ ಬರೆಯೋಣ ಅನ್ನದೆ, ಮನೆ ತೊಳೆಯುವ ದಿನವೇ ಮನೆಯಲ್ಲಿ ಒಬ್ಬರು ಪಕ್ಕಕ್ಕೆ ಕೂತು ಕಾನ್ಸುಲೇಟಿಗೆ ಬರೆಯಲಿ.

ಹೊಸ ದಿನಾಂಕ ಬಂದ ಮೇಲೆ

ಮಳೆಗಾಲದ ದಿನಾಂಕ ಆದರೆ ಎರಡು ದಿನ ಮೊದಲೇ ಮುಂಬೈ ಸೇರಿ. ಮೈಸೂರಿನಿಂದ ದಾದರ್‌ಗೆ ಶರಾವತಿ ಎಕ್ಸ್‌ಪ್ರೆಸ್ ಇದೆ, ಆದರೆ ವಾರಕ್ಕೆ ಒಂದೇ ಸಲ, ಅದನ್ನೇ ನಂಬಿ ಕೂರಬೇಡಿ. ಫ್ಲೈಬಸ್ ಹತ್ತಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವುದು ವಯಸ್ಸಾದವರಿಗೆ ಸಲೀಸು. ಕಾಗದಗಳನ್ನು ಲಗೇಜಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ, ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರು ಎರಡು, ಒಂದರೊಳಗೆ ಒಂದು. ಎಲ್ಲದರ ಸ್ಕ್ಯಾನ್ ಪ್ರತಿ ಅಮೆರಿಕದಲ್ಲಿರುವವರ ಹತ್ತಿರವೂ ಒಂದಿರಲಿ.

ಚಿಕ್ಕಮ್ಮ ಎರಡನೇ ಸಲ ಹೊರಟಾಗ ಆ ಕವರನ್ನು ಸೆರಗಿನಡಿ ಇಟ್ಟುಕೊಂಡೇ ಕೂತಿದ್ದರು. ಅಂಚು ಕೆಂಪಾಗಿದ್ದ ಹಳೇ ಪಾಸ್‌ಪೋರ್ಟನ್ನೂ ಹೊಸದರ ಜೊತೆ ಒಯ್ದಿದ್ದರು. ನೀವೂ ಹಳೆಯದನ್ನು ಒಯ್ಯಿರಿ. ಕೌಂಟರಿನಲ್ಲಿ ಇದು ಯಾಕೆ ಬದಲಾಯಿತು ಅಂತ ಕೇಳಿದಾಗ ಅವರು ಮಾತಾಡದೆ ಆ ಪುಸ್ತಕ ತೆಗೆದು ತೋರಿಸಿದರು, ಅಷ್ಟೇ ಸಾಕಾಯಿತು.